ದುಧನಿಯ ಮತ, ನಕ್ಷೆಯ ಬಣ್ಣ

ಗೆದ್ದ ಪಕ್ಷದ ಬಣ್ಣವನ್ನಷ್ಟೇ ಇಡೀ ಕ್ಷೇತ್ರಕ್ಕೆ ತುಂಬುವ ಚುನಾವಣಾ ನಕ್ಷೆಯು ಯಾರು ಗೆದ್ದರೆಂಬುದನ್ನು ತಿಳಿಸುತ್ತದೆಯೇ ಹೊರತು, ಯಾವ ಊರು ಯಾರಿಗೆ ಎಷ್ಟು ಮತ ಕೊಟ್ಟಿತೆಂಬುದನ್ನು ತಿಳಿಸುವುದಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ, ಅಕ್ಕಲಕೋಟೆಯೂ ಸೇರಿ ಆರು ವಿಧಾನಸಭಾ ಕ್ಷೇತ್ರಗಳನ್ನೊಳಗೊಂಡ ಮಹಾರಾಷ್ಟ್ರದ ಸೊಲ್ಲಾಪುರ ಕ್ಷೇತ್ರವು ಕಾಂಗ್ರೆಸ್ಸಿನ ಪ್ರಣಿತಿ ಶಿಂದೆಯವರನ್ನು ಆರಿಸಿದ್ದರಿಂದ, ಕರ್ನಾಟಕದ ಗಡಿಯಂಚಿನ, ಕನ್ನಡ ಮಾತಾಡುವ ದುಧನಿ ಪಟ್ಟಣವೂ ಸೇರಿದಂತೆ ಅಕ್ಕಲಕೋಟೆ ಸೀಮೆಯೆಲ್ಲ ನಕ್ಷೆಯಲ್ಲಿ ಆ ಪಕ್ಷದ ಬಣ್ಣವನ್ನೇ ಪಡೆಯಿತು. ಅದೇ ವರ್ಷದ ನವೆಂಬರಿನಲ್ಲಿ ಅಕ್ಕಲಕೋಟೆ ವಿಧಾನಸಭಾ ಕ್ಷೇತ್ರದ ಮತದಾರರು ದುಧನಿಯವರೇ ಆದ ಕಾಂಗ್ರೆಸ್ಸಿನ ಸಿದ್ಧರಾಮ ಮ್ಹೇತ್ರೆಯವರನ್ನು ಸೋಲಿಸಿ ಬಿಜೆಪಿಯ ಸಚಿನ್ ಕಲ್ಯಾಣಶೆಟ್ಟಿಯವರನ್ನು ಆರಿಸಿದಾಗ, ಅದೇ ನೆಲದ ಬಣ್ಣ ಪೂರ್ತಿ ಬದಲಾಯಿತು. ಮತದ ಶೇಕಡಾವಾರು ಪ್ರಮಾಣಕ್ಕೆ ತಕ್ಕಂತೆ ಬಣ್ಣವನ್ನು ದಟ್ಟವಾಗಿಯೋ ತೆಳುವಾಗಿಯೋ ತುಂಬುವ ಛಾಯಾನಕ್ಷೆಯನ್ನು, ಚುನಾವಣಾಧಿಕಾರಿಗಳು ಸಿದ್ಧಪಡಿಸುವ ಮತಗಟ್ಟೆವಾರು ಲೆಕ್ಕಪಟ್ಟಿಯಾದ ‘ಫಾರ್ಮ್ 20’ರ ಆಧಾರದಿಂದ ರಚಿಸಿದರೆ, ಒಂದೇ ಊರಿನ ಎರಡು ಮತಗಟ್ಟೆಗಳ ನಡುವಿನ ಅಂತರವೂ, ಸೋತವರಿಗೆ ಬಿದ್ದ ಮತದ ತೂಕವೂ ಸ್ಪಷ್ಟವಾಗಿ ಕಾಣುತ್ತವೆ. ಗಡಿನಾಡಿನ ಕನ್ನಡಿಗರನ್ನು ಭಾಷೆಯ ಹೆಸರಿನಲ್ಲಿ ಒಂದೇ ಮತಬ್ಯಾಂಕೆಂದು ಎಣಿಸುವ ಮುನ್ನ ಇಂಥ ನಕ್ಷೆಯನ್ನು ಓದುವುದು, ಅಲ್ಲಿನ ಒಬ್ಬೊಬ್ಬ ಮತದಾರನ ವಿವೇಚನೆಗೂ ಸಲ್ಲಬೇಕಾದ ಗೌರವವಾಗಿದೆ.