ಹಾಜರಿ ಪುಸ್ತಕದ ಕೆಂಪು ಗುರುತುಗಳು

1986ರಲ್ಲಿ ನಾನು ಮಲೆನಾಡಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪ್ರತಿ ತಿಂಗಳೂ ಎರಡು ಮೂರು ದಿನ ಗೈರುಹಾಜರಾಗುತ್ತಿದ್ದಳು. ನಾನು ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕುತ್ತಿದ್ದೆ. ಒಮ್ಮೆ ಕಿರುಪರೀಕ್ಷೆಯ ನಡುವೆ ಅವಳು ಹೊಟ್ಟೆ ಹಿಡಿದುಕೊಂಡು ಡೆಸ್ಕಿನ ಮೇಲೆ ತಲೆಯಿಟ್ಟಳು. "ಮುಟ್ಟಿನ ನೋವು ಎಲ್ಲ ಹೆಂಗಸರಿಗೂ ಇರುವುದೇ, ತಾಳಿಕೊಳ್ಳಬೇಕಮ್ಮ" ಎಂದೆ. ನನ್ನ ತಾಯಿ ನನಗೆ ಹೇಳಿದ್ದ ಮಾತನ್ನೇ ಅವಳಿಗೆ ದಾಟಿಸಿದ್ದೆ. ಮದುವೆಯಾದರೆ ಸರಿಹೋಗುತ್ತದೆಂದು ಅವಳ ಅಜ್ಜಿಯೂ ಹೇಳುತ್ತಿದ್ದರಂತೆ.

ಮದುವೆಯಾಯಿತು, ನೋವು ಹೋಗಲಿಲ್ಲ. 2004ರಲ್ಲಿ ಅವಳು ನನ್ನ ಮನೆಗೆ ಬಂದಳು. ಮಕ್ಕಳಾಗಲಿಲ್ಲವೆಂದು ವೈದ್ಯರಲ್ಲಿಗೆ ಹೋದಾಗ ಲ್ಯಾಪರೋಸ್ಕೋಪಿ ಮಾಡಿ, ಅದು ಎಂಡೊಮೆಟ್ರಿಯೋಸಿಸ್ ಎಂದು ತಿಳಿಸಿದರಂತೆ. ಆಗ ಅವಳಿಗೆ 32 ವರ್ಷ. ಆ ಹೆಸರನ್ನು ನಾನು ಕೇಳಿದ್ದು ಅಂದೇ ಮೊದಲು. "ಟೀಚರ್, ಆಗ ನಿಮಗಾದರೂ ಹೇಗೆ ಗೊತ್ತಾಗಬೇಕು?" ಎಂದಳು. ದೂರಿದ್ದರೆ ಅಷ್ಟು ನೋಯುತ್ತಿರಲಿಲ್ಲವೇನೋ.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅದರ ಹೊರಗೆ, ಅಂಡಾಶಯ, ಅಂಡನಾಳ, ಕೆಲವೊಮ್ಮೆ ಕರುಳಿನ ಮೇಲೂ ಬೆಳೆಯುವುದೇ ಈ ಕಾಯಿಲೆ. ಅದರಿಂದ ಉರಿಯೂತವಾಗಿ, ಕ್ರಮೇಣ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ಸಂತಾನ ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಶೇ. 10ರಷ್ಟು ಮಂದಿಗೆ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಪೂರ್ಣವಾಗಿ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಆದರೆ ನೋವಿನ ಮಾತ್ರೆ, ಹಾರ್ಮೋನು ಚಿಕಿತ್ಸೆ, ಅಗತ್ಯಬಿದ್ದರೆ ಶಸ್ತ್ರಚಿಕಿತ್ಸೆಯಿಂದ ಬಾಳು ಬಹಳಷ್ಟು ಹಗುರವಾಗುತ್ತದೆ.

ಮುಟ್ಟಿನ ನೋವಿನಿಂದ ಶಾಲೆ ಅಥವಾ ಕೆಲಸ ತಪ್ಪುತ್ತಿದ್ದರೆ, ಮಾತ್ರೆಗೂ ನೋವು ತಗ್ಗದಿದ್ದರೆ, ಆ ದಿನಗಳಲ್ಲಿ ಮಲಮೂತ್ರ ವಿಸರ್ಜನೆ ಯಾತನೆಯಾದರೆ, ಮುಟ್ಟಿಲ್ಲದ ದಿನಗಳಲ್ಲೂ ಕಿಬ್ಬೊಟ್ಟೆ ನೋಯುತ್ತಿದ್ದರೆ, ದಾಂಪತ್ಯದ ಕೂಟ ನೋವಾಗಿದ್ದರೆ, ಮಗುವಾಗುವುದು ತಡವಾಗುತ್ತಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ನೋವು ಬಂದ ದಿನಗಳನ್ನು ಬರೆದಿಟ್ಟುಕೊಂಡು ಹೋದರೆ ಅವರಿಗೆ ಅನುಕೂಲ. ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ತೀರ್ಮಾನಿಸಲಾಗದು. ನೋವು ಉಳಿದರೆ ಮತ್ತೆ ಕೇಳಿ. ಹಠಾತ್ತನೆ ತೀವ್ರ ನೋವು, ಜ್ವರ ಅಥವಾ ಮೂರ್ಛೆ ಬಂದರಂತೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ನನ್ನ ವಿದ್ಯಾರ್ಥಿನಿಯರಲ್ಲಿ ಹಲವರು ಇಂದು ತಾಯಂದಿರು, ಕೆಲವರು ಶಿಕ್ಷಕಿಯರು. ನಿಮ್ಮ ಮನೆಯ, ನಿಮ್ಮ ತರಗತಿಯ ಹುಡುಗಿಯೊಬ್ಬಳು ತಿಂಗಳಿಗೊಮ್ಮೆ ಮಂಕಾಗಿ ಕುಳಿತರೆ, ಪಕ್ಕದಲ್ಲಿ ಕುಳಿತು ಕಾರಣ ಕೇಳಿ. ಕೆಂಪು ಗುರುತು ಹಾಕುವಾಗ ನಾನು ಕೇಳದೆ ಹೋದ ಪ್ರಶ್ನೆ ಅದು.