ಇಳಿಯುವ ಮೆಟ್ಟಿಲು

ಓಡುವುದು ಒಂದು ವಿದ್ಯೆಯಾದರೆ, ಓಡಿದ ಮರುದಿನ ನಡೆಯುವುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ಕಲಿಸುವವರು ಈಗ ಬೆಂಗಳೂರಿನ ಉದ್ಯಾನವನಗಳಲ್ಲೆಲ್ಲ ದೊರೆಯುತ್ತಾರೆ. ಎರಡನೆಯದನ್ನು ಮಾತ್ರ ಪ್ರತಿಯೊಬ್ಬನೂ ತನ್ನ ಮನೆಯ ಗೋಡೆ ಹಿಡಿದುಕೊಂಡೇ ಕಲಿಯಬೇಕು.

ಐವತ್ತರ ಹೊಸ್ತಿಲು ದಾಟಿದ ಗೃಹಸ್ಥನೊಬ್ಬ ಲಾಲ್‌ಬಾಗಿನಲ್ಲಿ ಮೂರು ತಿಂಗಳು ಅಭ್ಯಾಸ ಮಾಡಿ, 21 ಕಿಲೋಮೀಟರುಗಳ ಅರ್ಧ ಮ್ಯಾರಥಾನನ್ನು ಮುಗಿಸಿ, ಕೊರಳಲ್ಲಿ ಪದಕ ಧರಿಸಿ ಭಾನುವಾರ ಮನೆಗೆ ಮರಳುತ್ತಾನೆ. ಅಂದು ಅವನಷ್ಟು ಸುಖಿ ಇನ್ನೊಬ್ಬನಿಲ್ಲ. ಸೋಮವಾರ ತೊಡೆಗಳು ಬಿಗಿಯುತ್ತವೆ, ಮೀನಖಂಡಗಳು ಕಲ್ಲಾಗುತ್ತವೆ. ಮಂಗಳವಾರ ಮಹಡಿಯಿಂದ ಕಾಫಿಗೆ ಬರಬೇಕಾದವನು ಏಣಿಯಿಂದ ಇಳಿಯುವವನಂತೆ ಹಿಮ್ಮುಖನಾಗಿ ಇಳಿಯುತ್ತಾನೆ. ಮಕ್ಕಳು ನಗುತ್ತಾರೆ. ಹೆಂಡತಿ ನಗುವುದಿಲ್ಲ, “ನಿಮಗೆ ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೆ?” ಎಂದಷ್ಟೇ ಕೇಳುತ್ತಾಳೆ. ಎಷ್ಟೋ ಜನರ ಓಟ ಈ ಒಂದು ಪ್ರಶ್ನೆಯಲ್ಲಿಯೇ ಮುಗಿದುಹೋಗುತ್ತದೆ. ಬೂಟುಗಳು ಅಟ್ಟ ಸೇರುತ್ತವೆ.

ತಪ್ಪನ್ನು ಎಲ್ಲರೂ ಹೊರಿಸುವುದು ಲ್ಯಾಕ್ಟಿಕ್ ಆಮ್ಲದ ತಲೆಗೆ. 1780ರಲ್ಲಿ ಸ್ವೀಡನ್ನಿನ ಷೀಲೆ ಎಂಬ ರಸಾಯನಜ್ಞ ಹುಳಿತ ಹಾಲಿನಿಂದ ಬೇರ್ಪಡಿಸಿದ ವಸ್ತು ಇದು. ಮನೆಮನೆಯ ಮೊಸರಿನ ಹುಳಿಯೂ ಇದೇ. ಓಡುವಾಗ ಸ್ನಾಯುಗಳಲ್ಲಿ ಇದು ಹೆಚ್ಚುವುದು ನಿಜ. ಆದರೆ ಓಟ ನಿಂತ ಒಂದೆರಡು ಗಂಟೆಗಳಲ್ಲಿ ತೊಲಗಿಹೋಗುವ ಈ ಬಡಪಾಯಿ, ಮಂಗಳವಾರದ ನೋವಿಗೆ ಹೇಗೆ ಹೊಣೆಯಾದೀತು? ತಡವಾಗಿ ಬರುವ ಇಂಥ ನೋವಿಗೆ ಸ್ನಾಯುವಿನೊಳಗೆ ಆಗುವ ಸಣ್ಣ ಸಣ್ಣ ಗಾಯಗಳೇ ಕಾರಣವಿರಬೇಕೆಂದು ಅಮೆರಿಕದ ಶರೀರವಿಜ್ಞಾನಿ ಥಿಯೊಡೋರ್ ಹಫ್ 1902ರಲ್ಲಿಯೇ ಬರೆದಿದ್ದ. ಇಂದಿನ ತಿಳಿವಳಿಕೆಯೂ ಬಹುಮಟ್ಟಿಗೆ ಅದೇ ದಾರಿಯಲ್ಲಿದೆ. ಗಾಯವನ್ನು ದೇಹ ದುರಸ್ತಿ ಮಾಡತೊಡಗಿದಂತೆ ನೋವು ಏರಿ, ಎರಡನೆಯ ಅಥವಾ ಮೂರನೆಯ ದಿನ ಶಿಖರ ಮುಟ್ಟಿ, ವಾರದೊಳಗೆ ಇಳಿಯುತ್ತದೆ.

ಗಾಯವಾಗುವ ಬಗೆ ಸ್ವಾರಸ್ಯಕರ. ಪಾದ ನೆಲಕ್ಕೆ ಊರಿದಾಗಲೆಲ್ಲ ತೊಡೆಯ ಮುಂಭಾಗದ ಸ್ನಾಯು, ದೇಹದ ಭಾರವನ್ನು ತಡೆಯುತ್ತಲೇ ಉದ್ದವಾಗಬೇಕು. ಭಾರದ ಟ್ರಂಕನ್ನು ಎತ್ತರದಿಂದ ಮೆಲ್ಲನೆ ಇಳಿಸುವವನ ತೋಳಿನಂತೆ. ಇಳಿಜಾರಿನಲ್ಲಿ ಈ ಶ್ರಮ ಇನ್ನೂ ಹೆಚ್ಚು. ನಂದಿಬೆಟ್ಟವನ್ನು ಓಡಿ ಹತ್ತಿದವನಿಗಿಂತ ಓಡಿ ಇಳಿದವನ ತೊಡೆಯೇ ಹೆಚ್ಚು ನೋಯುತ್ತದೆ. ಹತ್ತುವ ಮೆಟ್ಟಿಲಿಗಿಂತ ಇಳಿಯುವ ಮೆಟ್ಟಿಲು ಕಠಿಣವಾಗುವ ಗುಟ್ಟೂ ಇದೇ.

ಮದ್ದಿಗೇನು ಕೊರತೆ! ಅಜ್ಜಿ ಹರಳೆಣ್ಣೆ ತರುತ್ತಾಳೆ, ನೆರೆಯವರು ಮಂಜುಗಡ್ಡೆ ಕಳುಹಿಸುತ್ತಾರೆ, ಮಗ ಮೊಬೈಲಿನಲ್ಲಿ ನೋಡಿ ಕಾಲು ಚಾಚಿಸುತ್ತಾನೆ. ಚಾಚುವುದರಿಂದ ಈ ನೋವು ತಗ್ಗುವುದು ಗಮನಕ್ಕೂ ಬಾರದಷ್ಟು ಸ್ವಲ್ಪ ಎಂದು ಪರೀಕ್ಷಿಸಿದವರು ಹೇಳುತ್ತಾರೆ. ಅಜ್ಜಿಯ ಎಣ್ಣೆಗಿಂತ ಅವಳ ಕೈ ಮೇಲು; ಹಗುರವಾಗಿ ನೀವಿದರೆ ಕೊಂಚ ಹಿತ. ಬೆಚ್ಚನೆಯ ನೀರು, ಹೊಟ್ಟೆ ತುಂಬ ಊಟ, ಒಳ್ಳೆಯ ನಿದ್ದೆ, ಸಮತಟ್ಟಾದ ರಸ್ತೆಯಲ್ಲಿ ಇಪ್ಪತ್ತು ನಿಮಿಷ ನಿಧಾನದ ನಡಿಗೆ: ಇಷ್ಟರ ಮೇಲೆ ಮಾಡಬೇಕಾದದ್ದು ಹೆಚ್ಚೇನಿಲ್ಲ. ನೋವಿನ ಮಾತ್ರೆಯ ಅವಸರ ಮಾತ್ರ ಒಳ್ಳೆಯದಲ್ಲ. ದೂರ ಓಡಿ ನೀರು ಬತ್ತಿದ ದೇಹದಲ್ಲಿ ಅದು ಮೂತ್ರಪಿಂಡಗಳಿಗೆ ಕೇಡು ಮಾಡಬಲ್ಲದು.

ಎಲ್ಲ ನೋವೂ ಇಷ್ಟು ಸಾಧುವಲ್ಲ. ಒಂದೇ ಮೀನಖಂಡ ಊದಿ ಬಿಸಿಯಾದರೆ, ಮೂಳೆಯ ಮೇಲೆ ಒಂದೇ ಕಡೆ ಬೆರಳಿಟ್ಟರೆ ಚೀರುವಂತಾದರೆ ವೈದ್ಯರಿಗೆ ತೋರಿಸಬೇಕು. ಮೂತ್ರ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರಂತೂ ಗಳಿಗೆಯೂ ತಡಮಾಡಬಾರದು. ಹಾನಿಗೊಂಡ ಸ್ನಾಯುವಿನ ಅಂಶ ರಕ್ತಕ್ಕಿಳಿದು ಮೂತ್ರಪಿಂಡವನ್ನು ಕೆಡಿಸುವ ಸೂಚನೆ ಅದು.

ಇನ್ನು ಅಟ್ಟ ಸೇರಿದ ಬೂಟುಗಳ ವಿಷಯ. ಒಮ್ಮೆ ಹೀಗೆ ನೊಂದ ಸ್ನಾಯು ಪಾಠ ಕಲಿಯುತ್ತದೆ. ಕೆಲವು ವಾರಗಳೊಳಗೆ ಅದೇ ಶ್ರಮವನ್ನು ಮತ್ತೆ ಕೊಟ್ಟರೆ ನೋವು ಬಹಳ ಕಡಿಮೆ. ತಿಂಗಳುಗಟ್ಟಲೆ ಬಿಟ್ಟವನು ಆ ಗಳಿಕೆಯನ್ನು ಕಳೆದುಕೊಂಡು, ಮುಂದಿನ ವರ್ಷ ಅದೇ ಮಂಗಳವಾರವನ್ನು ಹೊಸದಾಗಿ ಅನುಭವಿಸುತ್ತಾನೆ. ನೋವು ಕಳೆದ ಮೇಲೆ ಎರಡು ಮೂರು ಕಿಲೋಮೀಟರಿನ ಹಗುರ ಓಟ, ವಾರಕ್ಕೊಮ್ಮೆ ಚಿಕ್ಕದೊಂದು ಇಳಿಜಾರು, ಅದೂ ಸಣ್ಣ ಹೆಜ್ಜೆಗಳಲ್ಲಿ. ಬಸವನಗುಡಿಯ ಸುತ್ತಮುತ್ತ ಅಂಥ ರಸ್ತೆಗಳಿಗೆ ಬರವಿಲ್ಲ.