ಕಾರಿನ ಅಡಿಯೂ ಹುರುಳಿಯ ಕಣವೂ

ಕಾರನ್ನು ಕೊಳ್ಳುವವನು ಅದರ ಬಣ್ಣವನ್ನು ನೋಡುತ್ತಾನೆ, ಆಸನದ ಮೆತ್ತೆಯನ್ನು ಒತ್ತಿ ನೋಡುತ್ತಾನೆ. ಬಗ್ಗಿ ಅಡಿಯನ್ನು ನೋಡುವವನು ವಿರಳ. ನಾನೂ ನೋಡಿದವನಲ್ಲ. ಮಹದೇಶ್ವರನ ಬೆಟ್ಟದ ದಾರಿಯಲ್ಲಿ ಕಲ್ಲೊಂದು ತಗುಲಿ ಇಂಜಿನಿನ ಎಣ್ಣೆತೊಟ್ಟಿ ಸೀಳಿದ ದಿವಸ, ನೆಲದ ಮೇಲೆ ಅಂಗಾತ ಮಲಗಿ ಆ ಅಧೋಲೋಕವನ್ನು ಮೊದಲ ಬಾರಿಗೆ ದರ್ಶನ ಮಾಡಿದೆನು. ಕೊಳ್ಳೇಗಾಲದ ಮೆಕ್ಯಾನಿಕ್ಕನು ತೊಟ್ಟಿಯನ್ನು ಬದಲಾಯಿಸಿ, ಅದರ ಕೆಳಗೆ ಕಬ್ಬಿಣದ ತಗಡೊಂದನ್ನು ಬಿಗಿದನು. ಎತ್ತಿಗೆ ಲಾಳ ಕಟ್ಟಿಸಿದ ಬೇಸಾಯಗಾರನಂತೆ ನಾನು ನಿಶ್ಚಿಂತನಾದೆನು.

ಆ ನಿಶ್ಚಿಂತೆ ಸಂಕ್ರಾಂತಿಯವರೆಗೆ ನಿಂತಿತು. ಆಮೇಲೊಂದು ದಿನ ಹನೂರಿನ ಕಡೆಗೆ ಹೊರಟೆನು. ಯಳಂದೂರಿನ ಕಡೆ ಕಾಲುವೆಯ ನೀರುಂಟು, ಭತ್ತವುಂಟು. ಹನೂರಿನ ಕಡೆ ಹೆಚ್ಚಾಗಿ ಮಳೆಯನ್ನೇ ನಂಬಿದ ಹೊಲ, ಹಿಂಗಾರಿನ ಹುರುಳಿ. ಆ ಹುರುಳಿಯನ್ನು ಮೊಣಕಾಲುದ್ದ ಟಾರುರಸ್ತೆಗೆ ಹರಡಿದ್ದರು. ಹಾಯುವ ವಾಹನಗಳೇ ಗುಂಡುಕಲ್ಲು. ರಾಗಿಯ ಹುಲ್ಲಾದರೆ ಹೇಗೋ ದಾಟಬಹುದು. ಹುರುಳಿ ಬಳ್ಳಿಯ ಜಾತಿ. ಒಣಗಿದರೂ ಸುತ್ತಿಕೊಳ್ಳುವ ಸ್ವಭಾವ ಬಿಡದು. ತಿರುಗುವ ಆಕ್ಸಲಿಗೆ ಸಿಕ್ಕಿ ಹಗ್ಗದಂತೆ ಹೊಸೆದುಕೊಳ್ಳುತ್ತದೆ. ಪಕ್ಕದಲ್ಲೇ ನೂರಾರು ಡಿಗ್ರಿ ಕಾದ ಹೊಗೆಕೊಳವೆ! ಹೀಗೆ ಕಾರುಗಳು ಹೊತ್ತಿ ಉರಿದ ಸುದ್ದಿಯನ್ನು ವಾಚಕರೂ ಪತ್ರಿಕೆಗಳಲ್ಲಿ ಓದಿರಬಹುದು.

ಸುಟ್ಟ ವಾಸನೆ ಮೂಗಿಗೆ ಬಡಿಯಲು, ಹೇಗೋ ಹುಲ್ಲಿನಾಚೆಗೆ ಬಂದು ನಿಲ್ಲಿಸಿ, ಮಕ್ಕಳನ್ನು ಕೆಳಗಿಳಿಸಿದೆನು. ಬಗ್ಗಿ ನೋಡಿದರೆ ಕಲ್ಲನ್ನು ತಡೆಯಲೆಂದು ಹಾಕಿಸಿದ ತಗಡೇ ಬುಟ್ಟಿಯಾಗಿ ಬಳ್ಳಿಯನ್ನು ತುಂಬಿಕೊಂಡಿತ್ತು. ಒಂದೆಡೆ ಸಣ್ಣಗೆ ಹೊಗೆ. ಗಾಬರಿಯಿಂದ ಕಾರನ್ನು ಹಿಂದಕ್ಕೆ ಬಿಡಲು ಹೋದೆನು. ಮುದುಕನೊಬ್ಬನು ಕುಡುಗೋಲು ಹಿಡಿದು ಓಡಿಬಂದನು.

“ಹಿಂದಕ ಮುಂದಕ ಆಡಿಸ್ಬೇಡಿ ಸಾಮಿ, ಇನ್ನೂ ಸುತ್ಕತದ!”

ಅವನ ಹೆಂಡತಿ ಕೊಡದ ನೀರನ್ನು ತಂದು ಎರಚಿದಳು. ಅವನು ಮಲಗಿ, ತೋಳು ಸುಟ್ಟುಕೊಳ್ಳದಂತೆ, ಬಳ್ಳಿಯನ್ನು ಕೊಯ್ದು ಕೊಯ್ದು ಎಳೆದನು. ಅರ್ಧ ಗಂಟೆ ಹಿಡಿಯಿತು. ನನ್ನ ಕೋಪವು ಅಷ್ಟರಲ್ಲಿ ಮುಕ್ಕಾಲು ಆರಿತ್ತಾದರೂ, ಉಳಿದ ಕಾಲುಭಾಗವು ಮಾತನಾಡಿತು:

“ಯಜಮಾನರೆ, ಹೊಲದಲ್ಲಿ ಕಣ ಮಾಡಬಾರದೆ?”

“ಕಣ ಸಾರ್ಸಕ ಸಗಣಿ ಎಲ್ಲದ? ಗುಂಡು ಎಳಿಯಕ ಎತ್ತೆಲ್ಲವ ಸಾಮಿ? ಆಳ್ಗ ಕೊಟ್ರ ಹುರುಳಿ ನಮ್ಗ ಉಳಿಯಲ್ಲ.”

ರಸ್ತೆಯಲ್ಲಿ ಒಕ್ಕಣೆ ಕೂಡದೆಂದು ಅಧಿಕಾರಿಗಳು ಎಚ್ಚರಿಸುವುದುಂಟು, ಅದು ನ್ಯಾಯವೇ. ಬೈಸಿಕಲ್ಲಿನವನೂ ಮೋಟಾರು ಸೈಕಲ್ಲಿನವನೂ ಆ ಹುಲ್ಲಿನಲ್ಲಿ ಜಾರಿ ಬೀಳುತ್ತಾರೆ. ಆದರೆ ಊರೂರಿಗೆ ಒಂದು ಸಿಮೆಂಟಿನ ಕಣವನ್ನು ಕಟ್ಟಿಕೊಡದೆ ಬರಿಯ ಎಚ್ಚರಿಕೆಯನ್ನು ಕೊಟ್ಟರೆ, ಮುದುಕನು ಅದನ್ನು ಎಲ್ಲಿ ಹರಡಿ ಬಡಿಯಬೇಕು?

ಮರುದಿನ ಮೆಕ್ಯಾನಿಕ್ಕನು ತಗಡನ್ನು ಬಿಚ್ಚಿದಾಗ ಒಳಗಿನಿಂದ ಒಂದು ಹಿಡಿ ಹುರುಳಿ ಕಾಳು ಉದುರಿತು. ತಗಡನ್ನು ತೆಗೆದುಬಿಡಲೇ ಎಂದು ಕೇಳಿದನು. ಬೆಟ್ಟದ ಕಲ್ಲನ್ನು ನೆನೆದು ಬೇಡವೆಂದೆನು. ಕುಡುಗೋಲೊಂದನ್ನು ಮಾತ್ರ ಸಂತೆಯಲ್ಲಿ ಕೊಂಡು, ಗೋಣಿಯಲ್ಲಿ ಸುತ್ತಿ, ಸೀಟಿನ ಕೆಳಗೆ ಇಟ್ಟಿದ್ದೇನೆ.